ಘಾಟಿಯಲ್ಲಿ ನಿಂತಿತು, ಗ್ಯಾರೇಜಿನಲ್ಲಿ ಓಡಿತು

ಗುಂಡ್ಯ ದಾಟಿ ಶಿರಾಡಿ ಘಾಟಿ ಏರುತ್ತಿದ್ದೆವು. ಏಪ್ರಿಲ್ ತಿಂಗಳ ಮಧ್ಯಾಹ್ನ. ಮುಂದೆ ಗ್ಯಾಸ್ ಟ್ಯಾಂಕರು, ಅದರ ಮುಂದೆ ಇನ್ನೊಂದು ಟ್ಯಾಂಕರು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವ ಯೋಗವೇ ಇಲ್ಲ. ಕೆಂಪುಹೊಳೆಯ ಹತ್ತಿರದ ತಿರುವೊಂದರಲ್ಲಿ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಇಲ್ಲವಾಯಿತು. ಕೆಮ್ಮಲಿಲ್ಲ, ಎಳೆದಾಡಲಿಲ್ಲ. ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತೇ ಹೋಯಿತು. ಡ್ಯಾಶ್‌ಬೋರ್ಡಿನ ಕೆಂಪು ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಸ್ಟಿಯರಿಂಗ್ ಒರಳುಕಲ್ಲಿನ ಹಾಗೆ ಬಿಗಿಯಾಯಿತು. ಬ್ರೇಕಿಗೆ ಬಲ ಕೊಡುವುದು ಎಂಜಿನ್ ಎಳೆದಿಟ್ಟುಕೊಂಡ ನಿರ್ವಾತ. ಎಂಜಿನ್ ನಿಂತ ಮೇಲೂ ಒಂದೆರಡು ಸಲ ಒತ್ತುವಷ್ಟು ಬಲ ಅದರಲ್ಲಿ ಉಳಿದಿರುತ್ತದೆ, ಆಮೇಲೆ ಪೆಡಲು ಕಲ್ಲಾಗುತ್ತದೆ. ಆ ಒಂದೆರಡು ಸಲದಲ್ಲೇ ಕಾರನ್ನು ಮಣ್ಣಿನಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ.

ಸೆಲ್ಫ್ ಹೊಡೆದೆ. ಗಿರ್ರ್ ಗಿರ್ರ್ ಎಂದು ಎಂಜಿನ್ ಚೆನ್ನಾಗಿಯೇ ತಿರುಗಿತು, ಹತ್ತಿಕೊಳ್ಳಲಿಲ್ಲ. ಲಾರಿ ನಿಲ್ಲಿಸಿ ಇಳಿದು ಬಂದ ಹಿರಿಯ ಡ್ರೈವರೊಬ್ಬರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. “ಕಾದುಹೋಗಿದೆ ಸಾರ್. ವೇಪರ್ ಲಾಕ್ ಆಗಿರ್ತದೆ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಸರಿಹೋಗ್ತದೆ” ಎಂದರು. ಇಬ್ಬರೂ ಬಾನೆಟ್ ಎತ್ತಿ ಹುಡುಕಿದೆವು. ಒದ್ದೆ ಬಟ್ಟೆ ಸಿದ್ಧವಿತ್ತು, ಸುತ್ತಲು ಪಂಪೇ ಇರಲಿಲ್ಲ. ಅವರು ನಗುತ್ತಾ ಹೋದರು. ಮುಕ್ಕಾಲು ಗಂಟೆ ಬಿಟ್ಟು ಸುಮ್ಮನೆ ಕೀಲಿ ತಿರುಗಿಸಿದರೆ, ಮೊದಲ ಸೆಲ್ಫಿಗೇ ಎದ್ದಿತು.

ಮರುದಿನ ಹಾಸನದ ಗ್ಯಾರೇಜಿನಲ್ಲಿ ಕಾರು ಗಂಟೆಗಟ್ಟಲೆ ಕೆಮ್ಮದೆ ಓಡಿತು. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುತ್ತದಲ್ಲ, ಹಾಗೆ. ಪ್ಲಗ್ ಬದಲಿಸಿ ಕಳಿಸಿದರು. ಹದಿನೈದು ದಿನಕ್ಕೆ ಮತ್ತೆ ನಿಂತಿತು. ಈ ಸಲ ಪೆಟ್ರೋಲ್ ಪಂಪನ್ನೇ ಬದಲಿಸಿದರು. ಮೂರನೇ ಸಲ ನಿಂತಾಗ ನಾನು ಊರಿನ ಅಂಚಿನ ಸಣ್ಣ ಶೆಡ್ಡಿನ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಬಾನೆಟ್ ಎತ್ತುವ ಮೊದಲು ನನ್ನನ್ನೇ ವಿಚಾರಣೆಗೆ ನಿಲ್ಲಿಸಿದರು.

“ನಿಂತಾಗ ಒಮ್ಮೆಲೇ ಆಫ್ ಆಯ್ತಾ ಸಾರ್, ಇಲ್ಲ ಎಳೆದಾಡಿ ನಿಂತ್ಕೊಳ್ತಾ?”

“ಒಮ್ಮೆಲೇ.”

“ಟ್ಯಾಂಕಲ್ಲಿ ಎಷ್ಟಿತ್ತು?”

“ಅರ್ಧಕ್ಕಿಂತ ಜಾಸ್ತಿ.”

“ಸೆಲ್ಫ್ ಹೊಡೆವಾಗ ಆರ್‌ಪಿಎಂ ಮುಳ್ಳು ಅಲ್ಲಾಡ್ತಿತ್ತಾ?”

ಗೊತ್ತಿರಲಿಲ್ಲ. ಮೂರು ಸಲ ನಿಂತರೂ ಆ ಮುಳ್ಳಿನ ಕಡೆ ನಾನು ನೋಡಿರಲಿಲ್ಲ. “ಅದೊಂದು ನೋಡ್ಬೇಕಿತ್ತು ಸಾರ್. ನಾನು ಅಲ್ಲಿರಲಿಲ್ಲವಲ್ಲ” ಎಂದರು ಮೇಸ್ತ್ರಿ.

ಆ ಕೊನೆಯ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಬಂದು ಹೋಗುವ ತೊಂದರೆಗೆ ಸಾಕ್ಷಿ ಒಬ್ಬನೇ, ಸ್ಟಿಯರಿಂಗ್ ಹಿಡಿದು ಕೂತವನು. ಅವನು ಏನು ನೋಡಿದ, ಏನು ಕೇಳಿಸಿಕೊಂಡ ಎಂಬುದರ ಮೇಲೆ ಮುಂದಿನ ಬಿಲ್ಲು ನಿಂತಿದೆ. ಹಾಗಾದರೆ ನೋಡಬೇಕಾದ್ದೇನು?

ಎಂಜಿನ್ನಿನ ಬೇಡಿಕೆಗಳು ಬಹಳವಿಲ್ಲ. ಗಾಳಿ, ಪೆಟ್ರೋಲು, ಕಿಡಿ, ಒತ್ತಡ. ಒಂದು ಕಿಲೋ ಪೆಟ್ರೋಲು ಹದವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅವೆರಡೂ ಸಿಲಿಂಡರಿನೊಳಗೆ ಹೋಗಿ, ಪಿಸ್ಟನ್ ಅವನ್ನು ಹತ್ತರಲ್ಲೊಂದು ಪಾಲಿಗೆ ಅಮುಕಿ, ಸರಿಯಾದ ಗಳಿಗೆಗೆ ಕಿಡಿ ಹಾರಿದರೆ ಕಾರು ಓಡುತ್ತದೆ. ಒಂದು ತಪ್ಪಿದರೂ ನಿಲ್ಲುತ್ತದೆ. ಓಡುತ್ತಿದ್ದ ಕಾರು ತಾನಾಗಿ ನಿಂತು ಮತ್ತೆ ಏಳದಿದ್ದರೆ, ಸಾಮಾನ್ಯವಾಗಿ ತಪ್ಪಿರುವುದು ಪೆಟ್ರೋಲು ಅಥವಾ ಕಿಡಿ.

ಇದು ಕಾರಿನಷ್ಟೇ ಹಳೆಯ ಕತೆ. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಕಟ್ಟಿದ್ದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿನಷ್ಟು ದಾರಿ. ಮೋಟಾರು ಗಾಡಿಯ ಮೊದಲ ದೂರಪ್ರಯಾಣವೆಂದು ಹೆಸರಾದದ್ದು ಇದೇ. ನಡುವೆ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಕಿತ್ತುಹೋಯಿತು; ಕಾಲುಚೀಲ ಬಿಗಿಯುವ ಪಟ್ಟಿಯನ್ನೇ ಬಿಚ್ಚಿ ಸುತ್ತಿದಳು. ಒಂದು ಪೆಟ್ರೋಲಿನ ತೊಂದರೆ, ಇನ್ನೊಂದು ಕಿಡಿಯದು. ಇಂದಿಗೂ ರಸ್ತೆಬದಿಯಲ್ಲಿ ಬಾನೆಟ್ ಎತ್ತಿ ನಿಂತವರ ಪಾಡು ಹೆಚ್ಚೂಕಡಿಮೆ ಇವೆರಡರೊಳಗೇ ಇದೆ.

ಮೊದಲ ಪರೀಕ್ಷೆ ಕಿವಿಗೆ. ಕೀಲಿ ತಿರುಗಿಸಿದರೆ ಬರೀ ‘ಟಕ್’ ಎಂದರೆ, ಅಥವಾ ಎಂಜಿನ್ ನಿದ್ದೆಗಣ್ಣಿನಲ್ಲಿ ಎದ್ದವರ ಹಾಗೆ ‘ಗುಂ... ಗುಂ...’ ಎಂದು ತಡವರಿಸಿದರೆ, ತೊಂದರೆ ಎಂಜಿನ್ನಿನದಲ್ಲ, ಬ್ಯಾಟರಿಯ ಕಡೆಯದು. ಸೆಲ್ಫ್ ಮೋಟಾರಿಗೆ ನೂರು ಆಂಪಿಯರಿಗೂ ಮೀರಿದ ಕರೆಂಟು ಬೇಕು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ, 12ಕ್ಕೆ ಇಳಿಯಿತೆಂದರೆ ಬಹುತೇಕ ಖಾಲಿ. ಎಷ್ಟೋ ಸಲ ಬ್ಯಾಟರಿ ಚೆನ್ನಾಗಿಯೇ ಇದ್ದು, ಟರ್ಮಿನಲ್ಲಿನ ಮೇಲೆ ಕಟ್ಟಿದ ಬಿಳಿ ಪುಡಿಯೋ ಸಡಿಲ ಬೋಲ್ಟೋ ಕರೆಂಟನ್ನು ತಡೆಯುತ್ತಿರುತ್ತದೆ. ಇಂಥ ಕಾರು ನಿಲ್ಲುವ ಮೊದಲು ಸೂಚನೆಯನ್ನೂ ಕೊಟ್ಟಿರುತ್ತದೆ. ಚಾರ್ಜ್ ಮಾಡುವ ಆಲ್ಟರ್ನೇಟರ್, ಅಂದರೆ ನಮ್ಮ ಗ್ಯಾರೇಜುಗಳ ‘ಡೈನಮೋ’ ಕೆಟ್ಟಾಗ, ಬ್ಯಾಟರಿ ಗುರುತಿನ ದೀಪ ಹತ್ತುತ್ತದೆ, ಹೆಡ್‌ಲೈಟು ಮಂಕಾಗುತ್ತದೆ, ಕೊನೆಗೆ ಕಿಡಿಗೂ ಕರೆಂಟು ಸಾಲದೆ ಎಂಜಿನ್ ಆರುತ್ತದೆ.

ಇನ್ನೊಂದು ಸದ್ದಿದೆ, ಅದನ್ನು ಕೇಳಿದ ಕೂಡಲೇ ಕೈ ತೆಗೆಯಬೇಕು. ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ, ಏರಿಳಿತವಿಲ್ಲದೆ, ಕೊಡ ಕಟ್ಟದ ಹಗ್ಗವನ್ನು ರಾಟೆಯ ಮೇಲೆ ಎಳೆದ ಹಾಗೆ ಸರ್ರನೆ ತಿರುಗಿದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ವಾಲ್ವುಗಳು ತೆರೆದು ಮುಚ್ಚುತ್ತಿಲ್ಲ, ಹಾಗಾಗಿ ಅಮುಕಲು ಗಾಳಿ ಸಿಕ್ಕುತ್ತಿಲ್ಲ. ಹಟ ಹಿಡಿದು ತಿರುಗಿಸಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯಬಹುದು. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿಗಿಳಿದು ನಿಂತ ಕಾರಿಗೂ ಇದೇ ನಿಯಮ: ಸೆಲ್ಫ್ ಮುಟ್ಟಬಾರದು. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು; ಸಿಲಿಂಡರಿನೊಳಗೆ ನೀರಿದ್ದರೆ ಬಾಗುವುದು ಕನೆಕ್ಟಿಂಗ್ ರಾಡು. ನೀರಲ್ಲಿ ನಿಂತ ಕಾರನ್ನು ತಳ್ಳಿಸಿ ದಡ ಸೇರಿಸಿದವನ ಖರ್ಚಿಗೂ, ಅಲ್ಲೇ ಮೂರು ಸಲ ಸೆಲ್ಫ್ ಹೊಡೆದವನ ಖರ್ಚಿಗೂ ಅಜಗಜಾಂತರ.

ನನ್ನ ಕಾರು ಇವೆರಡರಲ್ಲೂ ಇರಲಿಲ್ಲ. ಅದು ಎಂದಿನ ಏರಿಳಿತದಲ್ಲೇ, ಎಂದಿನ ವೇಗದಲ್ಲೇ ತಿರುಗುತ್ತಿತ್ತು. ಅಂದಮೇಲೆ ಬ್ಯಾಟರಿ ಸರಿ, ಬೆಲ್ಟ್ ಸರಿ, ಒತ್ತಡವೂ ಸರಿ. ಉಳಿದದ್ದು ಬರ್ತಾ ಬೆಂಜಳ ಎರಡು ಪ್ರಶ್ನೆಗಳು.

ಪೆಟ್ರೋಲಿನದಕ್ಕೆ ಉತ್ತರ ಹಿಂದಿನ ಸೀಟಿನ ಕಡೆಯಿಂದ ಬರುತ್ತದೆ. ಅಂಬಾಸಡರ್, ಪದ್ಮಿನಿಯ ಕಾಲದಲ್ಲಿ ಪಂಪು ಇದ್ದದ್ದು ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡು. ಅದು ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಬೇಕಿತ್ತು. ಹೀರಿದಾಗ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ, ಮೇಲಿಂದ ಎಂಜಿನ್ನಿನ ಕಾವು. ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ, ಪಂಪು ಆವಿಯನ್ನು ನೂಕಲಾರದೆ ಒದ್ದಾಡುತ್ತಿತ್ತು. ಲಾರಿ ಡ್ರೈವರು ಹೇಳಿದ ವೇಪರ್ ಲಾಕ್ ಇದೇ. ಒದ್ದೆ ಬಟ್ಟೆಯ ಮದ್ದು ಅಂದಿಗೆ ರಾಮಬಾಣ. ಈಗಿನ ಕಾರುಗಳಲ್ಲಿ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿ ಕೂತಿದೆ. ಅದು ಹೀರುವುದಿಲ್ಲ, ವಾಯುಮಂಡಲದ ಮೂರು ನಾಲ್ಕು ಪಟ್ಟು ಒತ್ತಡದಲ್ಲಿ ನೂಕುತ್ತದೆ. ಅಷ್ಟು ಒತ್ತಡದಲ್ಲಿರುವ ಪೆಟ್ರೋಲು ಸುಲಭಕ್ಕೆ ಕುದಿಯುವುದಿಲ್ಲ. ಪಂಪನ್ನು ತಣ್ಣಗಿಡುವುದೂ ಸುತ್ತಲಿನ ಪೆಟ್ರೋಲೇ. ನೂರು ರೂಪಾಯಿ, ಇನ್ನೂರು ರೂಪಾಯಿ ಎಂದು ಹಾಕಿಸುತ್ತಾ ಟ್ಯಾಂಕಿನ ತಳ ಕಾಣಿಸುತ್ತಲೇ ಓಡಿಸುವವರ ಪಂಪು ಬೇಗ ಸುಡುವುದು ಅದಕ್ಕೇ.

ಕೀಲಿಯನ್ನು ‘ಆನ್’ವರೆಗೆ ಮಾತ್ರ ತಿರುಗಿಸಿ ಉಸಿರು ಬಿಗಿಹಿಡಿದು ಕೇಳಿದರೆ, ಹಿಂದಿನಿಂದ ಎರಡು ಸೆಕೆಂಡು ಜೇನ್ನೊಣದಂಥ ಗುಂಯ್ ಸದ್ದು ಬಂದು ನಿಲ್ಲುತ್ತದೆ. ಅದು ಬಂದರೆ ಪಂಪಿಗೆ ಜೀವವಿದೆ. ಬಾರದಿದ್ದರೆ ಫ್ಯೂಸು, ರಿಲೇ, ಪಂಪು ಎಂಬ ಸಾಲಿನಲ್ಲಿ ನೋಡಬೇಕು. ಪೆಟ್ರೋಲು ಸಾಲದೆ ನಿಲ್ಲುವ ಕಾರು ಸಾಮಾನ್ಯವಾಗಿ ಮೊದಲೇ ಗೊಣಗುತ್ತದೆ: ಏರಿನಲ್ಲಿ ಪಿಕಪ್ ಇರುವುದಿಲ್ಲ, ತುಸು ಜಗ್ಗುತ್ತದೆ, ಕೆಮ್ಮುತ್ತದೆ, ಆಮೇಲೆ ನಿಲ್ಲುತ್ತದೆ. ‘ಒಮ್ಮೆಲೇ ಆಫ್ ಆಯ್ತಾ’ ಎಂದು ಮೇಸ್ತ್ರಿ ಕೇಳಿದ್ದರ ಗುಟ್ಟು ಇದು. ದ್ರವ ಹಂತಹಂತವಾಗಿ ಕಡಿಮೆಯಾಗುತ್ತದೆ, ವಿದ್ಯುತ್ತು ಮಾತ್ರ ಒಂದೇ ಏಟಿಗೆ ಕಡಿಯುತ್ತದೆ.

ಹಾಗಾದರೆ ನನ್ನ ಕಾರಿನಲ್ಲಿ ಕಡಿದದ್ದು ಎಲ್ಲಿ? ಇಲ್ಲಿ ಹೆಬ್ಬೆರಳು ಗಾತ್ರದ ಒಂದು ವಸ್ತು ಕತೆಯೊಳಗೆ ಬರುತ್ತದೆ. ಹೆಸರು ಕ್ರ್ಯಾಂಕ್ ಸೆನ್ಸರ್. ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ಕ್ರ್ಯಾಂಕ್‌ಶಾಫ್ಟಿನ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತಿರುತ್ತದೆ. ಅನೇಕ ಕಾರುಗಳಲ್ಲಿ ಅದಕ್ಕೆ 60 ಹಲ್ಲುಗಳಿಗೆ ಜಾಗವಿದ್ದು, ಬೇಕೆಂದೇ ಎರಡನ್ನು ಕೈಬಿಟ್ಟಿರುತ್ತಾರೆ. ಉಳಿದ 58 ಹಲ್ಲುಗಳು ಒಂದು ಮಿಲಿಮೀಟರಿನಷ್ಟು ಅಂತರದಲ್ಲಿ ಸೆನ್ಸರಿನ ಮೂತಿಯ ಮುಂದೆ ಸಾಗುತ್ತವೆ. ಸೆನ್ಸರಿನೊಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ದಪ್ಪವಲ್ಲದ ತಾಮ್ರದ ತಂತಿಯ ಸಾವಿರಾರು ಸುತ್ತು. ಪ್ರತಿ ಹಲ್ಲು ದಾಟುವಾಗಲೂ ಅಯಸ್ಕಾಂತದ ಕ್ಷೇತ್ರ ಕದಡಿ, ತಂತಿಯಲ್ಲಿ ಕರೆಂಟಿನ ಸಣ್ಣ ಅಲೆ ಏಳುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದೇ ತತ್ವ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 2900 ಅಲೆ.

ಕಾರಿನ ಕಂಪ್ಯೂಟರು ಈ ಅಲೆಗಳನ್ನು ಎಣಿಸುತ್ತಾ ಕೂತಿರುತ್ತದೆ. ಎರಡು ಹಲ್ಲಿನ ಖಾಲಿ ಜಾಗ ಬಂದಾಗ, ಸುತ್ತು ಎಲ್ಲಿಗೆ ಬಂತೆಂದು ತಿಳಿಯುತ್ತದೆ. ತಾಳ ಹಾಕುವವರಿಗೆ ಸಮ ಸಿಕ್ಕಿದ ಹಾಗೆ. ಯಾವ ಪಿಸ್ಟನ್ ಈಗ ಎಲ್ಲಿದೆ, ಯಾವಾಗ ಪೆಟ್ರೋಲು ಚಿಮ್ಮಿಸಬೇಕು, ಯಾವಾಗ 12 ವೋಲ್ಟನ್ನು ಇಪ್ಪತ್ತು ಸಾವಿರಕ್ಕೂ ಮೀರಿಸಿ ಕಿಡಿ ಹಾರಿಸಬೇಕು ಎಂಬ ಲೆಕ್ಕವೆಲ್ಲ ಇದರ ಮೇಲೆಯೇ. ಅಲೆ ನಿಂತರೆ ಕಂಪ್ಯೂಟರಿಗೆ ತಿಳಿಯುವುದು ಒಂದೇ: ಎಂಜಿನ್ ತಿರುಗುತ್ತಿಲ್ಲ. ತಿರುಗದ ಎಂಜಿನ್ನಿಗೆ ಪೆಟ್ರೋಲೇಕೆ, ಕಿಡಿಯೇಕೆ? ಎರಡನ್ನೂ ನಿಲ್ಲಿಸುತ್ತದೆ. ಅಪಘಾತವಾಗಿ ಎಂಜಿನ್ ನಿಂತಾಗ ಪಂಪು ಪೆಟ್ರೋಲು ಸುರಿಯುತ್ತಲೇ ಇರಬಾರದೆಂಬ ಜಾಣತನವೂ ಇದರಲ್ಲಿದೆ.

ಮೊದಲ ಗ್ಯಾರೇಜಿನವರು ಎಡವಿದ್ದು ಇಲ್ಲೇ. ಕಿಡಿ ಇಲ್ಲವೆಂದು ಪ್ಲಗ್ ಬದಲಿಸಬಹುದು, ಪೆಟ್ರೋಲು ಬರುತ್ತಿಲ್ಲವೆಂದು ಪಂಪು ಬದಲಿಸಬಹುದು. ಎರಡೂ ಒಟ್ಟಿಗೆ ನಿಂತಿದ್ದರೆ ಎರಡಕ್ಕೂ ಅಪ್ಪಣೆ ಕೊಡುವ ಜಾಗ ಹುಡುಕಬೇಕು. ಸ್ಕ್ಯಾನರ್ ಹಾಕಿದರೆ ಗೊತ್ತಾಗುವುದಿಲ್ಲವೇ? ಕೆಲವು ಸಲ ‘ಪಿ0335’ ಎಂಬ ಕೋಡು ಸಿಕ್ಕಿ ಕೆಲಸ ಮುಗಿಯುತ್ತದೆ. ಕೆಲವು ಸಲ ಏನೂ ಇರುವುದಿಲ್ಲ. ಎಂಜಿನ್ ನಿಂತದ್ದರಿಂದ ಅಲೆ ನಿಂತಿತೋ, ಅಲೆ ನಿಂತದ್ದರಿಂದ ಎಂಜಿನ್ ನಿಂತಿತೋ ಎಂದು ಕಂಪ್ಯೂಟರಿಗೇ ಗೊಂದಲ. ಆರ್‌ಪಿಎಂ ಮುಳ್ಳು ಈ ಗೊಂದಲ ಬಿಡಿಸುತ್ತದೆ. ಅನೇಕ ಕಾರುಗಳಲ್ಲಿ ಆ ಮುಳ್ಳಿಗೂ ಸುದ್ದಿ ಬರುವುದು ಇದೇ ಸೆನ್ಸರಿನಿಂದ. ಸೆಲ್ಫ್ ಹೊಡೆದಾಗ ಎಂಜಿನ್ ಕಿವಿಗೆ ಕೇಳುವಂತೆ ತಿರುಗುತ್ತಿದೆ, ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳುತ್ತಿಲ್ಲ ಎಂದರೆ, ಸುಳ್ಳು ಹೇಳುತ್ತಿರುವವರು ಯಾರೆಂದು ತಿಳಿದಂತಾಯಿತು.

ತಣ್ಣಗಾದ ಮೇಲೆ ಏಳುವುದೇಕೆ? ಕಾದ ತಾಮ್ರ ಹಿಗ್ಗುತ್ತದೆ, ಅದನ್ನು ಮುಚ್ಚಿದ ಪ್ಲಾಸ್ಟಿಕ್ಕು ಬೇರೆಯೇ ಪ್ರಮಾಣದಲ್ಲಿ ಹಿಗ್ಗುತ್ತದೆ. ವರ್ಷಗಟ್ಟಲೆ ಈ ಜಗ್ಗಾಟದಲ್ಲಿ ಸವೆದ ತಂತಿಯಲ್ಲಿ ಎಲ್ಲೋ ಒಂದು ಬಿರುಕು. ತಣ್ಣಗಿದ್ದಾಗ ತುದಿಗಳು ಮುಟ್ಟಿಕೊಂಡಿರುತ್ತವೆ, ಕಾದಾಗ ದೂರವಾಗುತ್ತವೆ. ಬಿರುಕು ಬಿಡದೆ ಬರೀ ಬಡವಾದ ಸೆನ್ಸರಿನದು ಇನ್ನೊಂದು ಚಾಳಿ. ಅಲೆಯ ಎತ್ತರ ವೇಗದ ಜೊತೆ ಏರುತ್ತದೆ. ಹೆದ್ದಾರಿಯ 3000 ಆರ್‌ಪಿಎಂಗೆ ಸಾಕಾದ ಅಲೆ, ಸೆಲ್ಫ್ ತಿರುಗಿಸುವ ಇನ್ನೂರು ಮುನ್ನೂರಕ್ಕೆ ಸಾಲದು. ಅಂಥ ಕಾರು ಓಡುವಷ್ಟು ಹೊತ್ತು ಓಡಿ, ಕಾಫಿಗೆಂದು ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ.

ಇದರ ಮೇಲೆ ಇನ್ನೊಂದು ವಿಚಿತ್ರ. ಎಂಜಿನ್ ನಿಂತ ಕೂಡಲೇ ಬಾನೆಟ್ಟಿನೊಳಗೆ ತಣ್ಣಗಾಗುತ್ತದೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಮೊದಲಿಗೆ ಕಾವು ಏರುತ್ತದೆ. ಓಡುವಾಗ ಕಾವನ್ನು ಹೊತ್ತೊಯ್ಯುತ್ತಿದ್ದ ನೀರಿನ ಪಂಪೂ ನಿಂತಿದೆ, ಎದುರು ಗಾಳಿಯೂ ಇಲ್ಲ. ಕಬ್ಬಿಣದೊಳಗಿನ ಕಾವು ಸುತ್ತಲಿನ ಸಾಮಾನುಗಳಿಗೆ ಹಬ್ಬುತ್ತದೆ, ಒಲೆ ಆರಿಸಿದ ಮೇಲೂ ಕಾವಲಿಯ ಮೇಲಿನ ದೋಸೆ ಸೀಯುವ ಹಾಗೆ. ಘಾಟಿಯಲ್ಲಿ ಐದೈದು ನಿಮಿಷಕ್ಕೆ ಸೆಲ್ಫ್ ಹೊಡೆದು ಬ್ಯಾಟರಿ ಕರಗಿಸುವುದಕ್ಕಿಂತ, ಬಾನೆಟ್ ಎತ್ತಿ ಮುಕ್ಕಾಲು ಗಂಟೆ ಸುಮ್ಮನಿರುವುದೇ ಮೇಲು.

ಮೇಸ್ತ್ರಿ ಮಾಡಿದ್ದು ಇಷ್ಟೇ. ಕಾರನ್ನು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ, ಬಾನೆಟ್ ಮುಚ್ಚಿ, ಎ.ಸಿ. ಹಾಕಿ ಎಂಜಿನ್ ಓಡಲು ಬಿಟ್ಟರು. ಆಮೇಲೆ ಬೇರೆ ಕೆಲಸಕ್ಕೆ ಹೋದರು. ಗಂಟೆ ಸಮೀಪಿಸಿದಾಗ ಸದ್ದು ನಿಂತಿತು. ಓಡಿ ಬಂದವರೇ “ಹೊಡೀರಿ ಸಾರ್, ಮುಳ್ಳು ನೋಡಿ” ಎಂದರು. ಮುಳ್ಳು ಅಲ್ಲಾಡಲಿಲ್ಲ. ಬಿಚ್ಚಿ ಹಿಡಿದ ಪ್ಲಗ್ಗಿನಲ್ಲಿ ಕಿಡಿ ಇರಲಿಲ್ಲ. ಆಗ ಅವರು ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಗೆ ತೋಳು ಇಳಿಸಿ, ಕಣ್ಣು ಮುಚ್ಚಿಕೊಂಡು ಎಲ್ಲೋ ಒತ್ತಿ ಹಿಡಿದರು. ನಾಲ್ಕೈದು ನಿಮಿಷ. “ಈಗ.” ಎಂಜಿನ್ ಎದ್ದಿತು. ಘಾಟಿಯ ಡ್ರೈವರು ಹೇಳಿದ ಅದೇ ಒದ್ದೆ ಬಟ್ಟೆ. ಮದ್ದು ಸರಿಯಾಗಿತ್ತು, ಹಚ್ಚಬೇಕಾದ ಜಾಗ ಕಾಲಕ್ಕೆ ತಕ್ಕಂತೆ ಬದಲಾಗಿತ್ತು. ಹೊಸ ಸೆನ್ಸರಿಗೆ ತೆತ್ತದ್ದು ಪಂಪಿಗೆ ಸುರಿದ ದುಡ್ಡಿನ ಹತ್ತನೇ ಒಂದು ಪಾಲು.

ಹಳೆಯದನ್ನು ಕೇಳಿ ಮನೆಗೆ ತಂದೆ. ಎರಡು ತಂತಿಗೆ ಮಲ್ಟಿಮೀಟರ್ ಸಿಕ್ಕಿಸಿದರೆ 560 ಓಮ್ ತೋರಿಸಿತು. ಯಾವ ಕೊರತೆಯೂ ಕಾಣದ ಅಂಕಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ನೀರಿದ್ದ ಪಾತ್ರೆಯಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆ. “ಅದು ಸಾರಿನ ಪಾತ್ರೆ” ಎಂದಳು ಹೆಂಡತಿ. ನೀರು ಕಾಯುತ್ತಾ ಹೋದಂತೆ ಅಂಕಿ ಏರಿತು: 600, 640, 680. ತಾಮ್ರ ಕಾದರೆ ಡಿಗ್ರಿಗೆ ಶೇಕಡಾ 0.4ರಷ್ಟು ಅಡ್ಡಿ ಹೆಚ್ಚುತ್ತದೆ, ಅಲ್ಲಿಯವರೆಗೆ ಲೆಕ್ಕ ಸರಿ. ತಳದಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದಾಗ ಅಂಕಿ ಒಂದು ಕ್ಷಣ ತಡವರಿಸಿತು. ಮೀಟರಿನ ಎಡತುದಿಯಲ್ಲಿ ಬರೀ 1 ಉಳಿಯಿತು. ತಂತಿ ಕಡಿದಿದೆ ಎಂದು ಮೀಟರು ಹೇಳುವ ಬಗೆ ಅದು. ಕೆಂಪುಹೊಳೆಯ ತಿರುವು ನಮ್ಮ ಅಡುಗೆಮನೆಗೆ ಬಂದಿತ್ತು.

ಒಲೆ ಆರಿಸಿ ಕಾದೆ. ನೀರು ಉಗುರುಬೆಚ್ಚಗಾಗುವ ಹೊತ್ತಿಗೆ ಅಂಕಿ ಮರಳಿತು. ಪೂರ್ತಿ ತಣ್ಣಗಾದಾಗ ಮತ್ತೆ 560, ಏನೂ ನಡೆದಿಲ್ಲವೆಂಬಂತೆ. ಹಾಸನದ ಗ್ಯಾರೇಜಿನವರು ಆ ದಿನ ಅದನ್ನು ಬಿಚ್ಚಿ ಅಳೆದಿದ್ದರೂ ಅವರಿಗೆ ಕಾಣುತ್ತಿದ್ದುದು ಇದೇ ಅಂಕಿ.